ಚರ್ಚೆ: 1848ರಲ್ಲಿ 17 ಗಾಡಿಗಳು ಸಿಯೆರಾ ನೆವಾಡಾ ದಾಟಿದ್ದು ಹೇಗೆ? (ಮಾರ್ಮನ್ ಬೆಟಾಲಿಯನ್ ವಾಪಸಾದ ದಾರಿ)

ನಕ್ಷೆಮರುಳ:
ಮಾರ್ಮನ್ ಬೆಟಾಲಿಯನ್ (ಮೆಕ್ಸಿಕೋ ಯುದ್ಧಕ್ಕೆ ಅಮೆರಿಕ ಸೇನೆಗೆ ಸೇರಿದ ಮಾರ್ಮನ್ ಪಂಥದವರ ತುಕಡಿ) ಅಂದರೆ ಎಲ್ಲರಿಗೂ ನೆನಪಾಗುವುದು ಅವರು ಹೋದ ದಾರಿ. 1846ರ ಜುಲೈ 16ಕ್ಕೆ ಕೌನ್ಸಿಲ್ ಬ್ಲಫ್ಸ್ ಹತ್ತಿರ ಸುಮಾರು 500 ಜನ ಒಂದು ವರ್ಷದ ಕರಾರಿಗೆ ಸೇರಿದರು. ಸಾಂಟಾ ಫೆಯಿಂದ ಸೇನಾಧಿಕಾರಿ ಕುಕ್ ಅವರ ಕೈಕೆಳಗೆ ಮರುಭೂಮಿ ದಾಟಿ 1847ರ ಜನವರಿ 29ಕ್ಕೆ ಸ್ಯಾನ್ ಡಿಯೆಗೋ ಮುಟ್ಟಿದರು. ಮೆಕ್ಸಿಕೋ ಜೊತೆ ಯುದ್ಧ ನಡೆಯುತ್ತಿದ್ದರೂ ಇವರಿಗೆ ಒಂದು ಕಾಳಗವೂ ಸಿಗಲಿಲ್ಲ. ಸ್ಯಾನ್ ಪೆಡ್ರೋ ನದಿ ಹತ್ತಿರ ಕಾಡುಗೂಳಿಗಳ ಜೊತೆ ನಡೆದ ಗುದ್ದಾಟವೊಂದೇ. ಜುಲೈ 16ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಬಿಡುಗಡೆ.

ನನ್ನ ಪ್ರಶ್ನೆ ಅಲ್ಲಿಂದ ಮುಂದಿನದು. ಇವರಲ್ಲೊಂದು ಗುಂಪು 1848ರ ಬೇಸಿಗೆಯಲ್ಲಿ 17 ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಪೂರ್ವಕ್ಕಿರುವ ಸಿಯೆರಾ ಬೆಟ್ಟಸಾಲು ದಾಟಿತು. ಟ್ರಕೀ ನದಿಯ ಗಾಡಿ ದಾರಿ 1844ರಿಂದಲೇ ಇತ್ತಲ್ಲ, ಅದನ್ನು ಬಿಟ್ಟು ಹೊಸ ದಾರಿ ಕಡಿದದ್ದು ಯಾಕೆ? ಮತ್ತೆ, ಆ ಗಾಡಿಗಳನ್ನು ಇಳಿಸಿದ್ದು ಹೇಗೆ?

ದಿಬ್ಬದಾಚೆ:
ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. "ವಾಪಸಾದ ದಾರಿ" ಒಂದೇ ಅಲ್ಲ. ಕಾಯಿಲೆ ಬಿದ್ದವರನ್ನು ಮೊದಲೇ ಪ್ಯೂಬ್ಲೋಗೆ ಕಳಿಸಿದ್ದರು. ಅವರು ಫೋರ್ಟ್ ಲಾರಮಿ ಕಡೆಯಿಂದ ಬಂದು 1847ರ ಜುಲೈ 29ಕ್ಕೆ ಸಾಲ್ಟ್ ಲೇಕ್ (ಈಗಿನ ಯೂಟಾದಲ್ಲಿ ಮಾರ್ಮನ್ನರ ಹೊಸ ನೆಲೆ) ಸೇರಿದರು. ಲಾಸ್ ಏಂಜಲೀಸ್‌ನಲ್ಲಿ ಬಿಡುಗಡೆಯಾದವರಲ್ಲಿ ದೊಡ್ಡ ಗುಂಪು ಲೀವೈ ಹ್ಯಾನ್ಕಾಕ್ ಜೊತೆ ಸ್ಯಾನ್ ವಾಕೀನ್ ಕಣಿವೆ ಹಿಡಿದು ಉತ್ತರಕ್ಕೆ, ಸಟರ್ ಕೋಟೆಗೆ (ಈಗಿನ ಸ್ಯಾಕ್ರಮೆಂಟೊ) ನಡೆಯಿತು. 81 ಜನ ಇನ್ನಾರು ತಿಂಗಳಿಗೆ ಮರಳಿ ಸೇರಿ ಸ್ಯಾನ್ ಡಿಯೆಗೋದಲ್ಲೇ ಉಳಿದರು. ಅವರಲ್ಲಿ ಕೆಲವರು 1848ರ ಏಪ್ರಿಲ್‌ನಲ್ಲಿ ಒಂದೇ ಒಂದು ಗಾಡಿ, ಸುಮಾರು 135 ಹೇಸರಗತ್ತೆಗಳ ಜೊತೆ ಕಹೋನ್ ಪಾಸ್ ಮೂಲಕ ದಕ್ಷಿಣದ ದಾರಿ ಹಿಡಿದು ಜೂನ್ 5ಕ್ಕೆ ಸಾಲ್ಟ್ ಲೇಕ್ ತಲುಪಿದರು.

ನೀವು ಕೇಳುತ್ತಿರುವುದು ಇವರ್ಯಾರೂ ಅಲ್ಲದ ಗುಂಪು, ಜೊನಾಥನ್ ಹೋಮ್ಸ್ ಮತ್ತು ಸ್ಯಾಮ್ಯುಯೆಲ್ ಥಾಂಪ್ಸನ್ ಮುಂದಾಳ್ತನದ್ದು. ಆ ಹೊತ್ತಿಗೆ ಇವರು ಸೈನಿಕರೂ ಅಲ್ಲ, ಬಿಡುಗಡೆಯಾಗಿ ವರ್ಷವಾಗುತ್ತ ಬಂದಿತ್ತು. ಆದರೆ ಹತ್ತು, ಐವತ್ತು, ನೂರರ ಲೆಕ್ಕದಲ್ಲಿ ಮುಖ್ಯಸ್ಥರನ್ನು ಇಟ್ಟು ಸಾಗುವ ಕ್ರಮ ಇವರಿಗೆ ರೂಢಿಯಾಗಿತ್ತು. "ಮನೆ" ಅನ್ನುವ ಮಾತೂ ವಿಚಿತ್ರವೇ. ಹೊರಟ ಊರಿಗೆ ಮರಳುತ್ತಿರಲಿಲ್ಲ. ಇವರು ಹೋದ ಮೇಲೆ ಮನೆಯವರು ನೆಲೆ ಊರಿದ ಸಾಲ್ಟ್ ಲೇಕ್ ಕಣಿವೆಯನ್ನು ಇವರಲ್ಲಿ ಹೆಚ್ಚಿನವರು ಕಣ್ಣಿಂದ ನೋಡಿರಲೇ ಇಲ್ಲ.

ಕಾಡುಹಾದಿ_88:
ಡಾನರ್ ತಂಡದವರ (1846-47ರ ಚಳಿಗಾಲ ಸಿಯೆರಾ ಹಿಮದಲ್ಲಿ ಸಿಕ್ಕಿಬಿದ್ದ ವಲಸಿಗರು) ಹೆಣಗಳನ್ನು ಮಣ್ಣು ಮಾಡಿದವರು ಇವರೇ ತಾನೆ?

ದಿಬ್ಬದಾಚೆ:
ಎರಡು ಪ್ರಯಾಣಗಳು ಇಲ್ಲಿ ಕಲಸಿಹೋಗುತ್ತವೆ. 1847ರ ಜೂನ್‌ನಲ್ಲಿ ಜನರಲ್ ಕಿಯರ್ನಿ ಪೂರ್ವಕ್ಕೆ ಹೋಗುವಾಗ ಬೆಟಾಲಿಯನ್ನಿನ ಕೆಲವರು ಬೆಂಗಾವಲಿಗಿದ್ದರು. ಮೇಜರ್ ಸ್ವೋರ್ಡ್ಸ್ ಉಸ್ತುವಾರಿಯಲ್ಲಿ ಅವಶೇಷಗಳನ್ನು ಗುಡಿಸಲಿನೊಳಗೆ ಹಾಕಿ ಹೂತದ್ದು ಆಗ. ಸೆಪ್ಟೆಂಬರ್ ಮೊದಲ ವಾರ ಹ್ಯಾನ್ಕಾಕ್ ಗುಂಪು ಅದೇ ಜಾಗ ದಾಟಿದಾಗಲೂ ಮನುಷ್ಯರ ಎಲುಬುಗಳು ಅಲ್ಲಲ್ಲಿ ಬಿದ್ದಿದ್ದವು. ಹೂತ ಕೆಲಸ ಪೂರ್ತಿಯಾಗಿರಲಿಲ್ಲ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಸೆಪ್ಟೆಂಬರ್ 6ಕ್ಕೆ ಅವರಿಗೆ ಕ್ಯಾಲಿಫೋರ್ನಿಯಾದ ಮಾರ್ಮನ್ ಮುಖಂಡ ಸ್ಯಾಮ್ ಬ್ರಾನನ್ ಎದುರಾದ. ಅದರ ಬೆನ್ನಿಗೇ ಬೆಟಾಲಿಯನ್ನಿನ ಕ್ಯಾಪ್ಟನ್ ಜೇಮ್ಸ್ ಬ್ರೌನ್, ಮಾರ್ಮನ್ನರ ನಾಯಕ ಬ್ರಿಗ್‌ಹಮ್ ಯಂಗ್‌ನ ಪತ್ರ ತಂದ: ಕಣಿವೆಯಲ್ಲಿ ಕಾಳುಕಡ್ಡಿ ಸಾಲದು, ದವಸ ಇಲ್ಲದವರು ಚಳಿಗಾಲ ಕ್ಯಾಲಿಫೋರ್ನಿಯಾದಲ್ಲೇ ಕೆಲಸ ಮಾಡಿ ವಸಂತದಲ್ಲಿ ಬನ್ನಿ ಅಂತ. ಅರ್ಧದಷ್ಟು ಜನ ಬೆಟ್ಟದಿಂದಲೇ ಹಿಂದಿರುಗಿದರು, ಉಳಿದವರು ಅಕ್ಟೋಬರ್ 16ಕ್ಕೆ ಸಾಲ್ಟ್ ಲೇಕ್ ಮುಟ್ಟಿದರು. 1848ರ ಗಾಡಿಗಳವರು ಬಹುಪಾಲು ಈ ಹಿಂದಿರುಗಿದವರು.

ಕೀಲೆಣ್ಣೆ:
ಟ್ರಕೀ ದಾರಿ ಬಿಟ್ಟದ್ದಕ್ಕೆ ಕಾರಣ ಸರಳ. ಆ ದಾರಿ ನದಿಯ ಕೊರಕಲಿನಲ್ಲೇ ಹೋಗುತ್ತದೆ, ಗಾಡಿ ಸುಮಾರು 27 ಸಲ ನೀರಿಗಿಳಿದು ಹತ್ತಬೇಕು. ಎಣಿಕೆಗಿಂತ ಅದರ ಪರಿಣಾಮ ನೋಡಿ. ತಳವೆಲ್ಲ ಗುಂಡುಕಲ್ಲು. ದಿನವಿಡೀ ನೀರಲ್ಲಿ ನೆಂದ ಗೊರಸು ಮೆತ್ತಗಾಗುತ್ತದೆ, ಮೆತ್ತಗಾದ ಗೊರಸು ಅದೇ ಕಲ್ಲಿಗೆ ಸವೆದು ಎತ್ತು ಕುಂಟುತ್ತದೆ. ಕರಗುವ ಹಿಮದ ನೀರು ಜೂನ್-ಜುಲೈನಲ್ಲಿ ಜೋರು, ಮರದ ತೊಟ್ಟಿ ತೇಲಿದರೆ ಗಾಡಿ ಅಡ್ಡ ತಿರುಗುತ್ತದೆ. ಇವರ ಬಳಿ 17 ಗಾಡಿಯ ಜೊತೆಗೆ 150ರ ಆಸುಪಾಸು ಕುದುರೆ-ಹೇಸರಗತ್ತೆ, ಅಷ್ಟೇ ದನ, ಎರಡು ಸಣ್ಣ ಫಿರಂಗಿ. ಜನ ಮಾತ್ರ ಸುಮಾರು 45 ಗಂಡಸರು, ಒಬ್ಬ ಹೆಂಗಸು. ಅಂದರೆ ತಲೆಗೆ ಆರೇಳು ಪ್ರಾಣಿ. ಇಷ್ಟು ಕಡಿಮೆ ಕೈಗಳಲ್ಲಿ 27 ದಾಟು ಮಾಡುವುದಕ್ಕಿಂತ ಮರ ಕಡಿಯುವುದೇ ವಾಸಿ ಅನಿಸಿದರೆ ಆಶ್ಚರ್ಯವಿಲ್ಲ.

ಗಾಡಿ ಬಿಟ್ಟು ಹೇರುಗತ್ತೆ ಮೇಲೆ ಹೋಗಬಹುದಿತ್ತು ಅಂತ ಯಾರಾದರೂ ಕೇಳುತ್ತಾರೆ. ಬೀಜ, ನೇಗಿಲು, ಕಬ್ಬಿಣದ ಸಾಮಾನು ಹೊಸ ಊರಿಗೆ ಬೇಕಿದ್ದವು. ಫಿರಂಗಿ ಅಂತೂ ಗತ್ತೆ ಬೆನ್ನಿಗೆ ಏರುವ ವಸ್ತುವಲ್ಲ.

ನಕ್ಷೆಮರುಳ:
ಸರಿ. ಹಾಗಾದರೆ ಏರು? ಮ್ಯಾಪಿನಲ್ಲಿ ಅವರು ಹೊರಟ ಪ್ಲೆಸೆಂಟ್ ವ್ಯಾಲಿಯಿಂದ ಬೆಟ್ಟಸಾಲು ದಾಟುವ ಕಾರ್ಸನ್ ಪಾಸಿಗೆ ಗೆರೆ ಎಳೆದರೆ ಅವರು ಯಾವ ನದಿಯನ್ನೂ ಹಿಡಿದಂತೆ ಕಾಣುವುದಿಲ್ಲ.

ದಿಬ್ಬದಾಚೆ:
ಹಿಡಿಯಲಿಲ್ಲ, ಅದೇ ಜಾಣತನ. ಸಿಯೆರಾದ ಪಶ್ಚಿಮ ಇಳಿಜಾರಿನಲ್ಲಿ ಅಮೆರಿಕನ್, ಕೊಸುಮ್ನೆಸ್, ಮೊಕೆಲಮ್ನೆ ನದಿಗಳು ಆಳದ ಕಂದರ ಕೊರೆದಿವೆ. ಕಂದರಕ್ಕೆ ಇಳಿದರೆ ಮುಗಿಯಿತು, ಆಚೆ ದಡ ಹತ್ತುವಷ್ಟರಲ್ಲಿ ದಿನ ಕಳೆಯುತ್ತದೆ. ನದಿ ನದಿಗಳ ನಡುವಿನ ದಿಣ್ಣೆಯ ನೆತ್ತಿ ಹಿಡಿದರೆ ದಾಟು ಇಲ್ಲ, ಏರು ನಿಧಾನ. 2,500 ಅಡಿ ಆಸುಪಾಸಿನ ಪ್ಲೆಸೆಂಟ್ ವ್ಯಾಲಿಯಿಂದ 9,500 ಅಡಿಗೆ ಏರಲು ನೂರು ಕಿಲೋಮೀಟರಿಗೆ ಹತ್ತಿರದ ದಾರಿ ಸಿಗುತ್ತದೆ. ದಿಣ್ಣೆಯ ಕಷ್ಟ ಎರಡು: ದಟ್ಟ ಮರ ಮತ್ತು ನೀರು. ನೆತ್ತಿ ಮೇಲೆ ಹೊಳೆ ಇರುವುದಿಲ್ಲ, ಬುಗ್ಗೆಯಿಂದ ಬುಗ್ಗೆಗೆ ಹಾರಬೇಕು. ಬಿಡಾರಗಳ ಹೆಸರು ನೋಡಿ, ಲೀಕ್ ಸ್ಪ್ರಿಂಗ್, ಟ್ರಾಜೆಡಿ ಸ್ಪ್ರಿಂಗ್. ಲೀಕ್ ಅಂದರೆ ಅಲ್ಲಿ ಬೆಳೆದಿದ್ದ ಕಾಡು ಈರುಳ್ಳಿ ಜಾತಿಯ ಸೊಪ್ಪು.

ಸಾಗಿದ ಕ್ರಮ: ಮೇ ತಿಂಗಳಲ್ಲಿ ಒಂದು ತಂಡ ಮೇಲೆ ಹೋಗಿ ಹಿಮ ನೋಡಿ ವಾಪಸ್ ಬಂತು. ಜೂನ್ ಕೊನೆಯ ವಾರ ಡೇನಿಯಲ್ ಬ್ರೋವೆಟ್, ಎಜ್ರಾ ಆಲೆನ್, ಹೆಂಡರ್ಸನ್ ಕಾಕ್ಸ್ ಮೂವರೇ ಬೆಟ್ಟ ದಾಟುವ ಪಾಸ್ ಹುಡುಕಲು ಹೊರಟರು. ಮೂರು ಜನ ಸಾಲದು ಅಂತ ಉಳಿದವರು ಹೇಳಿದ್ದರು. ಅವರು ಬರಲಿಲ್ಲ. ಜುಲೈ 3ಕ್ಕೆ ಗಾಡಿಗಳು ಹೊರಟವು. ಜೇಮ್ಸ್ ಸ್ಲೈ ಒಂದು ಹುಲ್ಲುಗಾವಲು ಕಂಡುಹಿಡಿದ, ಅದಕ್ಕೆ ಇಂದಿಗೂ ಸ್ಲೈ ಪಾರ್ಕ್ ಅಂತಲೇ ಹೆಸರು. ಅಲ್ಲಿ ಗಾಡಿ ನಿಲ್ಲಿಸಿ ಹತ್ತು ಜನ ಮುಂದೆ ಹೋಗಿ ಪಾಸ್ ನೋಡಿ ಬಂದರು. ಆಮೇಲೆ ದಿನಾ ಅದೇ ಕೆಲಸ. ಕೊಡಲಿ-ಗುದ್ದಲಿಯವರು ಮುಂದೆ, ಗಾಡಿ ಹಿಂದೆ, ದನ ಕಾಯುವವರು ಕೊನೆಗೆ.

ಸಂಜೆಬಿಸಿಲು:
ಟ್ರಾಜೆಡಿ ಸ್ಪ್ರಿಂಗ್ ಬಗ್ಗೆ ಒಂದೆರಡು ಮಾತು, ಏಕೆಂದರೆ ಇದನ್ನು ಹಲವರು ಖಚಿತ ಸಂಗತಿ ಎಂಬಂತೆ ಬರೆಯುತ್ತಾರೆ. ಜುಲೈ 19ಕ್ಕೆ ಬುಗ್ಗೆಯ ಹತ್ತಿರ ಹೊಸ ಮಣ್ಣಿನ ಗುಪ್ಪೆ ಕಂಡಿತು. ಅಗೆದರೆ ಮೂವರ ಹೆಣ, ಬಟ್ಟೆ ಇಲ್ಲ, ಮೈಮೇಲೆ ಗಾಯ. ಸುತ್ತ ರಕ್ತ ಹತ್ತಿದ ಬಾಣಗಳು. ಆಲೆನ್ ಕೊರಳಿಗೆ ಹಾಕಿಕೊಂಡಿದ್ದ ಚಿನ್ನದ ಪುಡಿಯ ತೊಗಲು ಚೀಲ ಅಲ್ಲೇ ಸಿಕ್ಕಿತು. ಅದು ಆಮೇಲೆ ಅವನ ಹೆಂಡತಿ ಸಾರಾ ಕೈಗೆ ತಲುಪಿತು.

ಗೋರಿಯ ಮೇಲೆ ಕಲ್ಲು ಪೇರಿಸಿ, ಪಕ್ಕದ ಮರದ ತೊಗಟೆ ಹೆರೆದು ಹೆಸರು ಕೆತ್ತಿದರು. ಆ ಕೆತ್ತನೆಯಲ್ಲೇ, ಜೂನ್ 27ರ ರಾತ್ರಿ ಇಂಡಿಯನ್ನರು ಕೊಂದು ಹೂತಿರಬೇಕೆಂಬ "ಊಹೆ" ಅಂತ ಇದೆ. ಕೆತ್ತಿದವರೇ ಊಹೆ ಎಂದದ್ದನ್ನು ಮುಂದಿನ ಬರಹಗಳು ನಿಜ ಮಾಡಿಬಿಟ್ಟವು. ಆ ಮರದ ತುಂಡು ಈಗ ಕೊಲೊಮಾದ ಸಂಗ್ರಹಾಲಯದಲ್ಲಿದೆ.

ಹೆಣ ಸಿಕ್ಕ ಜುಲೈ 19ರ ರಾತ್ರಿಯೇ ಪ್ರಾಣಿಗಳು ಬೆದರಿ ಚದುರಿದವು. ಫಿರಂಗಿ ಹಾರಿಸಿದ್ದು ಆಗ. ಮರುದಿನ ಹುಡುಕುವುದರಲ್ಲೇ ಹೊತ್ತು ಹೋಯಿತು.

ಕಾಡುಹಾದಿ_88:
ಒಂದು ತಿದ್ದುಪಡಿ. ಶೀರ್ಷಿಕೆಯ ಪ್ರಶ್ನೆಗೆ ಎಲ್ಲರೂ "ಕಾರ್ಸನ್ ಪಾಸ್" ಅನ್ನುತ್ತಾರೆ, ಅದು 8,574 ಅಡಿ. ಅತಿ ಎತ್ತರದ ಜಾಗ ಅದಲ್ಲವಲ್ಲ?

ದಿಬ್ಬದಾಚೆ:
ಅಲ್ಲ. ಅದಕ್ಕಿಂತ ಮೊದಲೇ ವೆಸ್ಟ್ ಪಾಸ್ ಬರುತ್ತದೆ, ಸುಮಾರು 9,500 ಅಡಿ. ಸಿಲ್ವರ್ ಲೇಕ್ ಕಡೆಯಿಂದ ಕರ್ಕ್‌ವುಡ್ ಕಡೆಗೆ ಈಗ ಹೆದ್ದಾರಿ 88 ಹೋಗುವ ಕಡೆ ಕಾರ್ಸನ್ ಸ್ಪರ್ ಅನ್ನುವ ಕಡಿದಾದ ಬಂಡೆ ಚಾಚು ಇದೆ. ಸಿಡಿಮದ್ದಿಲ್ಲದೆ ಅದನ್ನು ಸುತ್ತುವಂತಿರಲಿಲ್ಲ. ಹಾಗಾಗಿ ಅದರ ತಲೆ ಮೇಲಿಂದ ಹತ್ತಿ ಇಳಿದರು. ಜುಲೈ ಕೊನೆಯಲ್ಲೂ ಅಲ್ಲಿ ಗಟ್ಟಿ ಹಿಮ. ಸ್ಪರ್ ಸುತ್ತಿ ರಸ್ತೆ ಕಡಿದದ್ದು 1860ರ ದಶಕದಲ್ಲಿ, ಅಲ್ಲಿಯವರೆಗೆ ಬಂದವರೆಲ್ಲ ಈ ಅನಗತ್ಯದ ಸಾವಿರ ಅಡಿ ಏರಿದರು.

ಹಿಮದ ಮೇಲೆ ಗಾಡಿ ನಡೆಸುವುದು ಬೆಳಗಿನ ಕೆಲಸ. ರಾತ್ರಿ ಹೆಪ್ಪುಗಟ್ಟಿದ ಪೊರೆ ಚಕ್ರ ತಡೆಯುತ್ತದೆ, ಮಧ್ಯಾಹ್ನ ಎತ್ತಿನ ಕಾಲು ಹೊಟ್ಟೆಯವರೆಗೆ ಇಳಿಯುತ್ತದೆ.

ಕೀಲೆಣ್ಣೆ:
ಈಗ ಇಳಿಸುವ ವಿಷಯ, ನಕ್ಷೆಮರುಳ ಅವರ ಮೂಲ ಪ್ರಶ್ನೆ. ಇದಕ್ಕೆ ಗಾಡಿ ಹೇಗಿತ್ತು ಅಂತ ಗೊತ್ತಿರಬೇಕು.

ಆ ಕಾಲದ ವಲಸೆ ಗಾಡಿಯ ತೊಟ್ಟಿ ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಹೊರೆ 2,000ದಿಂದ 2,500 ಪೌಂಡು. ನಾಲ್ಕು ಚಕ್ರ, ಮುಂದಿನವು ಚಿಕ್ಕವು. ಅಚ್ಚು ಮರದ್ದು. ಚಕ್ರದಿಂದ ಚಕ್ರಕ್ಕೆ ಅಗಲ ಐದು ಅಡಿ ಅಷ್ಟೆ, ಹೊರೆಯ ತೂಕ ಮೇಲೆ. ಹಾಗಾಗಿ ಗಾಡಿಗೆ ಏರು-ಇಳಿವಿಗಿಂತ ದೊಡ್ಡ ಶತ್ರು ಪಕ್ಕದ ವಾಲು. ನಮ್ಮ ಘಾಟಿಗಳ ಹಾಗೆ ತಿರುವು ತಿರುವಾಗಿ ಇಳಿಯಲು ಹೋದರೆ ಪ್ರತಿ ಅಡ್ಡ ಇಳಿಜಾರಿನಲ್ಲೂ ಮಗುಚುತ್ತದೆ. ತಿರುವು ಬೇಕಾದರೆ ಬೆಟ್ಟ ಕಡಿದು ಮಟ್ಟಸ ಮಾಡಬೇಕು, ಅದಕ್ಕೆ ನೂರಾರು ಆಳು ಬೇಕು. ಇವರು ಸೀದಾ ಇಳಿದರು, ನೀರು ಹರಿಯುವ ಗೆರೆಯಲ್ಲೇ. ಅಡ್ಡ ವಾಲು ತಪ್ಪದ ಕಡೆ ಮೇಲ್ಮಗ್ಗುಲಿಂದ ಹಗ್ಗ ಹಾಕಿ ಆಳುಗಳು ಜಗ್ಗಿ ಹಿಡಿಯಬೇಕು.

ಸೀದಾ ಇಳಿಸುವಾಗ ಆ ಕಾಲದವರ ರೂಢಿ:

ಹಿಂದಿನ ಚಕ್ರಗಳನ್ನು ತೊಟ್ಟಿಗೆ ಸರಪಳಿ ಕಟ್ಟಿ ತಿರುಗದಂತೆ ಮಾಡುವುದು. ಇಷ್ಟೇ ಮಾಡಿದರೆ ಕಬ್ಬಿಣದ ಪಟ್ಟೆ ಒಂದೇ ಕಡೆ ಉಜ್ಜಿ ತೆಳುವಾಗುತ್ತದೆ. ಅದಕ್ಕೆ ಚಕ್ರದ ಅಡಿಗೆ ಸರಪಳಿಯನ್ನೇ ಸುತ್ತಿ ಕಟ್ಟಿದರೆ ಉಜ್ಜುವುದು ಸರಪಳಿ, ಜೊತೆಗೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಇನ್ನೂ ಕಡಿದಾದರೆ ಕೊಂಬೆ ಸಹಿತ ಮರವೊಂದನ್ನು ಹಿಂದೆ ಕಟ್ಟಿ ಎಳೆಯಲು ಬಿಡುವುದು. ತೀರಾ ಕಡಿದಾದ ಕಡೆ ಎತ್ತು ಬಿಚ್ಚಿ, ಹಿಂದಿನ ಅಚ್ಚಿಗೆ ಹಗ್ಗ ಹಾಕಿ, ಮರಕ್ಕೆ ಎರಡು ಸುತ್ತು ಸುತ್ತಿ, ನಿಧಾನ ಸಡಿಲಿಸುವುದು. ಸುತ್ತು ಹೆಚ್ಚಾದರೆ ಹಗ್ಗ ಕಚ್ಚಿ ನಿಲ್ಲುತ್ತದೆ, ಕಡಿಮೆಯಾದರೆ ಕೈ ಸುಟ್ಟು ಬಿಟ್ಟುಹೋಗುತ್ತದೆ. ಇಲ್ಲಿ ಒಂದು ಜೊತೆ ಎತ್ತನ್ನು ಮಾತ್ರ ಮೂಕಿಗೆ ಉಳಿಸುವವರೂ ಇದ್ದರು. ಅದು ಎಳೆಯಲಿಕ್ಕಲ್ಲ, ದಿಕ್ಕು ಹಿಡಿಯಲಿಕ್ಕೆ.

ಕಾರ್ಸನ್ ಪಾಸಿನಿಂದ ರೆಡ್ ಲೇಕ್ ದಂಡೆಗೆ ಸುಮಾರು 700 ಅಡಿ ಇಳಿವು, ದೂರ ಬಹಳ ಕಡಿಮೆ. ಮುಂದೆ ಇದಕ್ಕೇ "ಸೈತಾನನ ಏಣಿ" ಅಂತ ಹೆಸರು ಬಿತ್ತು.

ಸಂಜೆಬಿಸಿಲು:
ಅದಾದ ಮೇಲೆ ಬಯಲು ಕಂಡು ನಿರೀಕ್ಷೆ ಹುಟ್ಟಿತು ಅಂತ ಹೋಪ್ ವ್ಯಾಲಿ ಹೆಸರಿಟ್ಟರು. ಅವಸರದ ನಿರೀಕ್ಷೆ! ಮುಂದಿದ್ದದ್ದು ಕಾರ್ಸನ್ ಕೊರಕಲು.

ಕೀಲೆಣ್ಣೆ:
ಹೌದು ಮೇಡಂ, ನನ್ನ ಲೆಕ್ಕದಲ್ಲಿ ಇಡೀ ದಾರಿಯ ಕೆಟ್ಟ ತುಂಡು ಅದೇ. ಐದಾರು ಮೈಲಿ, ಹಲವು ದಿನದ ಕೆಲಸ. ನದಿ ಒಂದು ಕಡೆ, ಗೋಡೆ ಇನ್ನೊಂದು ಕಡೆ, ನಡುವೆ ಮನೆ ಗಾತ್ರದ ಗುಂಡು. ಎರಡು ಕಡೆ ಮರ ಉರುಳಿಸಿ ಸೇತುವೆ ಹಾಕಿದರು. ಸುತ್ತಲಾಗದ ಬಂಡೆಗೆ ಬೆಂಕಿ ಹಚ್ಚಿದರು. ಒಣ ಸೌದೆ ಬಂಡೆ ಮೇಲೆ ಪೇರಿಸಿ ಉರಿಸಿದರೆ ಮೇಲ್ಪದರ ಕಾದು ಹಿಗ್ಗುತ್ತದೆ, ಒಳಗಿನ ಕಲ್ಲು ತಣ್ಣಗೇ ಇರುತ್ತದೆ. ಗ್ರಾನೈಟಿನಲ್ಲಿ ಬೆಣಚುಕಲ್ಲು ಜಾಸ್ತಿ, ಅದು ಉಳಿದ ಖನಿಜಗಳಿಗಿಂತ ಹೆಚ್ಚು ಹಿಗ್ಗುತ್ತದೆ, ಬಿರುಕು ಅಲ್ಲಿಂದ ಶುರು. ಬಿಸಿಯಿರುವಾಗಲೇ ಸುತ್ತಿಗೆ-ಪಿಕಾಸಿಯಲ್ಲಿ ಹೊಡೆದರೆ ಪದರ ಪದರ ಏಳುತ್ತದೆ. ಒಂದು ಸಲ ಉರಿಸಿದರೆ ಕೆಲವೇ ಅಂಗುಲ, ಮತ್ತೆ ಸೌದೆ, ಮತ್ತೆ ಬೆಂಕಿ.

ಬೆಂಗಳೂರು ಸುತ್ತಮುತ್ತ ಕಲ್ಲುಕುಟಿಗರು ಬೆಂಕಿ ಸರಿಸುತ್ತ ಚಪ್ಪಡಿ ಎಬ್ಬಿಸುತ್ತಿದ್ದುದು ಇದೇ ಗುಣದಿಂದ. ಆದರೆ ಅವರಿಗೆ ಬೇಕಿದ್ದದ್ದು ಒಡೆಯದ ಹಾಳೆ, ಆದ್ದರಿಂದ ಹದವಾದ ಬೆಂಕಿ. ಇವರಿಗೆ ಬೇಕಿದ್ದದ್ದು ಚೂರು, ಆದ್ದರಿಂದ ಎಷ್ಟು ಉರಿದರೂ ಒಳ್ಳೆಯದೇ.

ಹಿತ್ತಲಗಿಡ:
ಇಷ್ಟೆಲ್ಲ ಕಷ್ಟ ಪಟ್ಟವರು ಚಿನ್ನ ಬಿಟ್ಟು ಬಂದರು ಅನ್ನುವುದೇ ನನಗೆ ಅರ್ಥವಾಗದ್ದು. 1848ರ ಜನವರಿ 24ಕ್ಕೆ ಸಟರ್‌ನ ಗರಗಸದ ಕಾರ್ಖಾನೆಯಲ್ಲಿ ಚಿನ್ನ ಸಿಕ್ಕಾಗ ಅಲ್ಲಿ ಇವರೇ ಇದ್ದರಲ್ಲ?

ದಿಬ್ಬದಾಚೆ:
ಬೆಟಾಲಿಯನ್ನಿನ ಆರು ಜನ ಇದ್ದರು. ಆ ದಿನಾಂಕ ಗಟ್ಟಿಯಾಗಿ ನಿಂತಿರುವುದೇ ಆ ಆರರಲ್ಲೊಬ್ಬ ಹೆನ್ರಿ ಬಿಗ್ಲರ್‌ನ ದಿನಚರಿಯಿಂದ. ಮಾಲೀಕರ ನೆನಪುಗಳು ಬೇರೆ ಬೇರೆ ದಿನ ಹೇಳುತ್ತಿದ್ದವು. ಅದಾಗಿ ಒಂಬತ್ತು ದಿನಕ್ಕೆ ಅಮೆರಿಕ-ಮೆಕ್ಸಿಕೋ ನಡುವೆ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದವಾಗಿ ಯುದ್ಧ ಕಾಗದದ ಮೇಲೂ ಮುಗಿಯಿತು.

ಬಿಟ್ಟು ಬಂದರು ಅನ್ನುವುದು ಪೂರ್ತಿ ನಿಜವಲ್ಲ. ಸಟರ್ ಕೆಲಸದ ಕರಾರು ಮುಗಿಸಿ, ಹಿಮ ಕರಗುವವರೆಗೆ ಅಮೆರಿಕನ್ ನದಿಯಲ್ಲಿ ತೊಳೆದು, ಸಿಕ್ಕಿದ ಪುಡಿಯಲ್ಲೇ ದನ, ಗಾಡಿ, ಸಾಮಾನು ಕೊಂಡರು. ಆಲೆನ್ ಕೊರಳಲ್ಲಿದ್ದದ್ದು ಅದೇ ಪುಡಿ. ಇವರಲ್ಲಿ ಹಲವರು ಹೆಂಡತಿ-ಮಕ್ಕಳನ್ನು ನೋಡಿ ಎರಡು ವರ್ಷವಾಗಿತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಿತ್ತಲಗಿಡ:
ಆ ಒಬ್ಬ ಹೆಂಗಸು ಯಾರು?

ಸಂಜೆಬಿಸಿಲು:
ಮೆಲಿಸ್ಸಾ ಕೋರೆ, ವಿಲಿಯಂ ಕೋರೆಯ ಹೆಂಡತಿ. 1846ರಲ್ಲಿ ಬೆಟಾಲಿಯನ್ ಹೊರಡುವ ಮುಂಚೆ ಮದುವೆ, ಆಗ ಹದಿನೆಂಟು ವಯಸ್ಸು. ಸ್ಯಾನ್ ಡಿಯೆಗೋವರೆಗೆ ನಡೆದು, ಮಾಂಟೆರೆಯಲ್ಲಿ ಹೆತ್ತ ಮಗುವನ್ನು ಕಳೆದುಕೊಂಡು, ಮತ್ತೆ ಈ ಬೆಟ್ಟ. ಕಾರ್ಸನ್ ಪಾಸ್ ಹತ್ತಿರದ ಒಂದು ಶಿಖರಕ್ಕೆ 1994ರಲ್ಲಿ ಅವಳ ಹೆಸರಿಟ್ಟರು.

ನಕ್ಷೆಮರುಳ:
ಬೆಟ್ಟ ಇಳಿದ ಮೇಲೆ ಸಲೀಸಾಯಿತೆ?

ಕೀಲೆಣ್ಣೆ:
ತೊಂದರೆ ಬದಲಾಯಿತು ಅಷ್ಟೆ. ಕಾರ್ಸನ್ ಕಣಿವೆಯಿಂದ ಉತ್ತರಕ್ಕೆ ತಿರುಗಿ ಟ್ರಕೀ ನದಿ ಮುಟ್ಟಿ, ಅಲ್ಲಿಂದ ನಲವತ್ತು ಮೈಲಿ ನೀರಿಲ್ಲದ ಬಯಲು ದಾಟಿ ಹಂಬೋಲ್ಟ್ ನದಿ ನೆಲದಲ್ಲಿ ಇಂಗುವ ಜಾಗಕ್ಕೆ ಬಂದರು. ಬೆಟ್ಟದ ತೇವದಲ್ಲಿ ಉಬ್ಬಿದ್ದ ಚಕ್ರದ ಮರ ನೆವಾಡಾದ ಒಣ ಗಾಳಿಗೆ ಕುಗ್ಗುತ್ತದೆ, ಕಬ್ಬಿಣದ ಪಟ್ಟೆ ಸಡಿಲವಾಗಿ ಕಟಕಟ ಸದ್ದು ಬರುತ್ತದೆ. ರಾತ್ರಿ ಚಕ್ರ ಬಿಚ್ಚಿ ನದಿಯಲ್ಲಿ ಮುಳುಗಿಸಿಟ್ಟರೆ ಬೆಳಿಗ್ಗೆಗೆ ಬಿಗಿ, ಎರಡು ದಿನಕ್ಕೆ ಮತ್ತೆ ಸಡಿಲ. ಪಟ್ಟೆಗೂ ಮರಕ್ಕೂ ನಡುವೆ ಬೆಣೆ ಹೊಡೆದರೆ ಒಂದಿಷ್ಟು ದಿನ. ಸರಿಯಾದ ಮದ್ದು ಪಟ್ಟೆ ಕಾಯಿಸಿ ಕಡಿದು ಬೆಸೆದು ಮತ್ತೆ ಬಿಸಿಯಲ್ಲೇ ತೊಡಿಸುವುದು, ಅದಕ್ಕೆ ಕುಲುಮೆ ಬೇಕು. ಹಳ್ಳಿಯ ಎತ್ತಿನಗಾಡಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದು, ಹಂಬೋಲ್ಟ್ ದಂಡೆಯ ಸವಳು ನೀರು. ಕುಡಿದ ದನ ಹೊಟ್ಟೆ ಉಬ್ಬಿ ಬೀಳುತ್ತಿದ್ದವು. ವಲಸಿಗರ ನಾಟಿ ಔಷಧ ಹಂದಿ ಕೊಬ್ಬಿನ ತುಂಡು ಗಂಟಲಿಗೆ ತುರುಕುವುದು. ಕ್ಷಾರದ ಜೊತೆ ಕೊಬ್ಬು ಸೇರಿ ಸಾಬೂನಾಗಿ ಉರಿ ತಗ್ಗುತ್ತದೆ ಅನ್ನುವ ಲೆಕ್ಕ.

ದಿಬ್ಬದಾಚೆ:
ಆಗಸ್ಟ್ ಕೊನೆಗೆ ಅಲ್ಲೇ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸ್ಯಾಮ್ಯುಯೆಲ್ ಹೆನ್ಸ್ಲಿ ಎದುರಾದ. ಅವನು ಸಾಲ್ಟ್ ಲೇಕ್‌ನಿಂದ ಮೊದಲು ದಕ್ಷಿಣದ ಉಪ್ಪು ಬಯಲಿಗೆ ಹೋಗಿ ಮಳೆ ಕೆಸರಲ್ಲಿ ಸಿಕ್ಕಿ ವಾಪಸಾಗಿ, ಆಮೇಲೆ ಸರೋವರದ ಉತ್ತರ ಸುತ್ತಿ ಬಂದಿದ್ದ. ಆ ಗುರುತು ಹೇಳಿದ. ಅದನ್ನು ನಂಬಿ ಸಿಟಿ ಆಫ್ ರಾಕ್ಸ್ ಹತ್ತಿರ ಹಳೆ ದಾರಿ ಬಿಟ್ಟು ಆಗ್ನೇಯಕ್ಕೆ ತಿರುಗಿದರು. ಉತ್ತರದ ಫೋರ್ಟ್ ಹಾಲ್ ಸುತ್ತಿ ಹೋಗುವುದು ತಪ್ಪಿತು. ಹೆನ್ಸ್ಲಿ ಹೇರುಪ್ರಾಣಿ ಮೇಲೆ ಬಂದಿದ್ದ ಆ ಅಡ್ಡದಾರಿಯಲ್ಲಿ ಮೊದಲ ಗಾಡಿ ಗೀರು ಇವರದು. ಸೆಪ್ಟೆಂಬರ್ ಕೊನೆಗೆ ಸಾಲ್ಟ್ ಲೇಕ್.

ಹೆನ್ಸ್ಲಿ ಸಿಕ್ಕ ಆ ದಿನಗಳಲ್ಲೇ ವಲಸಿಗರ ಮುಂದಾಳು ಜೋಸೆಫ್ ಚೈಲ್ಸ್‌ನ ಗಾಡಿಗಳು ಎದುರಿನಿಂದ ಬಂದವು. ಅವನು ಇವರ ಗೀರನ್ನೇ ಹಿಡಿದು ಪಶ್ಚಿಮಕ್ಕೆ ಹೋದ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. 45 ಜನ ಮನೆಗೆ ಹೋಗಲು ಪೂರ್ವಕ್ಕೆ ಕಡಿದ ದಾರಿ ಮುಂದಿನ ವರ್ಷದಿಂದ ಸಾವಿರಾರು ಜನ ಪಶ್ಚಿಮಕ್ಕೆ, ಚಿನ್ನಕ್ಕೆ ಹೋಗುವ ಹೆದ್ದಾರಿಯಾಯಿತು. ಸಿಯೆರಾ ಎರಡೂ ಕಡೆ ಒಂದೇ ಥರ ಇಲ್ಲ, ಪಶ್ಚಿಮ ಉದ್ದನೆಯ ಇಳಿಜಾರು, ಪೂರ್ವ ಗೋಡೆ. ಪೂರ್ವಕ್ಕೆ ಹೋಗುವವನಿಗೆ ಗೋಡೆ ಇಳಿವು, ಹಗ್ಗ ಇದ್ದರೆ ಸಾಕು. ಪಶ್ಚಿಮಕ್ಕೆ ಬರುವವನಿಗೆ ಅದೇ ಗೋಡೆ ಏರು, ಅದೂ ಎರಡು ಸಾವಿರ ಮೈಲಿ ನಡೆದು ಎಲುಬು ಕಾಣುವ ಎತ್ತುಗಳ ಜೊತೆ. ಸೈತಾನನ ಏಣಿ ಅಂತ ಶಪಿಸಿದವರು ಇಳಿದವರಲ್ಲ, ಹತ್ತಿದವರು.

ನಕ್ಷೆಮರುಳ:
ಅಂದರೆ ಹತ್ತುವವರಿಗೆ ಬೇಕಿದ್ದ ತಿರುವುಗಳನ್ನು ಇಳಿಯುವವರು ಕಡಿಯಲೇ ಇಲ್ಲ!

ಕೀಲೆಣ್ಣೆ:
ಅವರಿಗೆ ಬೇಕಿರಲಿಲ್ಲವಲ್ಲ ಸರ್. ಹತ್ತುವವರು ಒಂದು ಗಾಡಿಗೆ ಎರಡು-ಮೂರು ಗಾಡಿಯ ಎತ್ತು ಕಟ್ಟಿ, ಮೇಲೆ ಬಿಟ್ಟು, ಕೆಳಗಿಳಿದು ಮುಂದಿನದನ್ನು ಎಳೆದರು. ಪ್ರತಿ ನಿಲುಗಡೆಗೂ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಒಬ್ಬ ಆಳು.

ಕಾಡುಹಾದಿ_88:
ನೋಡಲು ಹೋಗುವವರಿಗೆ: ಟ್ರಾಜೆಡಿ ಸ್ಪ್ರಿಂಗ್ ಹೆದ್ದಾರಿ 88ರ ಪಕ್ಕದಲ್ಲೇ ಇದೆ, ಗೋರಿಯ ಕಲ್ಲುಗುಪ್ಪೆ ಕಾಣುತ್ತದೆ. ಕೇಪಲ್ಸ್ ಲೇಕ್ ಹತ್ತಿರ ದಾರಿಯ ಗೀರು ಹುಡುಕಬೇಡಿ, ಅಣೆಕಟ್ಟೆಯ ನೀರಿನಡಿ ಹೋಗಿದೆ. ಏಣಿಯನ್ನು ಪಾಸಿನ ಮೇಲಿಂದ ನೋಡಿದರೆ ಏನೂ ಅನಿಸುವುದಿಲ್ಲ, ರೆಡ್ ಲೇಕ್ ದಂಡೆಗೆ ಇಳಿದು ಕೆಳಗಿನಿಂದ ಮೇಲಕ್ಕೆ ನೋಡಿ.